ಆರು ಮಿಣಿಯ ನೀರು

ಸಂಚಾರವೆಂಬುದು ನಮ್ಮ ಪರಂಪರೆಯಲ್ಲಿ ವಿಹಾರವಲ್ಲ, ವ್ರತ. ಜಂಗಮನು ಒಂದೆಡೆ ನೆಲೆನಿಲ್ಲದೆ ಊರಿಂದ ಊರಿಗೆ ನಡೆಯುವುದು ತಾನು ಕಲಿಯುವುದಕ್ಕೆ, ಕಲಿತುದನ್ನು ಹಂಚುವುದಕ್ಕೆ. ಈ ಮಾತನ್ನು ಅನೇಕ ವೇದಿಕೆಗಳಲ್ಲಿ ಹೇಳಿರುವ ನಾವು 2023ರ ಜುಲೈ ತಿಂಗಳಿನಲ್ಲಿ ಕೈಗೊಂಡ ಸಂಚಾರವು ಮಾತ್ರ ವ್ರತವೆನ್ನಿಸಿಕೊಳ್ಳುವಂಥದಾಗಿರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇವೆ. ಅದು ಉಳ್ಳವರ ಸುಖಪ್ರವಾಸ. ಆಫ್ರಿಕಾ ಖಂಡದ ನೈಋತ್ಯಕ್ಕಿರುವ ನಮೀಬಿಯಾ ದೇಶದ ಮರುಭೂಮಿಯಲ್ಲಿಯೂ ವನ್ಯಮೃಗಗಳ ಸೀಮೆಯಲ್ಲಿಯೂ ಹನ್ನೆರಡು ದಿನ ಸೈಕಲ್ ತುಳಿಯುವುದು. ಮುಂದೊಬ್ಬ ಮಾರ್ಗದರ್ಶಿ, ಹಿಂದೆ ಆಹಾರ ನೀರುಗಳನ್ನು ಹೊತ್ತ ವಾಹನ. ಸಂಜೆಗೆ ಮಂಚ, ಹಾಸಿಗೆ, ಬಿಸಿನೀರುಗಳು ಸಿದ್ಧವಾಗಿರುವ ಗುಡಾರ. ಇದು ಅದರ ಕ್ರಮ.

ದಕ್ಷಿಣ ಆಫ್ರಿಕಾದಲ್ಲಿ ಎಂಜಿನಿಯರಾಗಿರುವ ನಮ್ಮ ಹಳೆಯ ಶಿಷ್ಯರೊಬ್ಬರು ಸಕುಟುಂಬರಾಗಿ ಈ ಪ್ರವಾಸಕ್ಕೆ ಹಣ ಕಟ್ಟಿದ್ದರು. ಅವರ ಬಂಧುವೊಬ್ಬರು ಬರಲಾಗದೆ ಒಂದು ಸ್ಥಾನ ತೆರವಾಯಿತು. “ಗುರುಗಳೇ, ಮಠದಲ್ಲಿದ್ದಾಗ ತಾವು ಜೋಳದ ಚೀಲವನ್ನು ಸೈಕಲ್ಲಿಗೆ ಕಟ್ಟಿಕೊಂಡು ಹಳ್ಳಿಯಿಂದ ಹಳ್ಳಿಗೆ ತಿರುಗುತ್ತಿದ್ದಿರೆಂದು ನೀವೇ ಹೇಳಿದ್ದೀರಿ. ಈಗ ಚೀಲವಿಲ್ಲದೆ ಬನ್ನಿ” ಎಂದು ದೂರವಾಣಿಯಲ್ಲಿ ನಕ್ಕರು. ಅರವತ್ತು ದಾಟಿದ ಮೊಣಕಾಲುಗಳ ಅಂಜಿಕೆಯನ್ನು ಹೇಳಿಕೊಂಡೆವು. ಬ್ಯಾಟರಿಯ ನೆರವಿನಿಂದ ಓಡುವ ಸೈಕಲ್ಲೂ ಉಂಟು, ಸಾಕೆನಿಸಿದಾಗ ವಾಹನವನ್ನೇರಬಹುದು ಎಂದು ಉತ್ತರ ಬಂದಿತು. ನೆಪಗಳು ಮುಗಿದವು. ಹೊರಟೆವು.

ನಮೀಬಿಯಾ ಎಂದೊಡನೆ ಓದುಗರಿಗೆ ಚೀತಾಗಳು ನೆನಪಾಗಬಹುದು. 2022ರ ಸೆಪ್ಟೆಂಬರ್ 17ರಂದು ಮಧ್ಯಪ್ರದೇಶದ ಕುನೋ ಅರಣ್ಯಕ್ಕೆ ತಂದ ಎಂಟು ಚೀತಾಗಳು ಈ ದೇಶದವು. ವಿಸ್ತೀರ್ಣದಲ್ಲಿ ಇದು ಕರ್ನಾಟಕದ ನಾಲ್ಕು ಪಟ್ಟಿಗೂ ಮಿಗಿಲು. ಜನಸಂಖ್ಯೆ 2023ರ ಗಣತಿಯಂತೆ ಸುಮಾರು 30 ಲಕ್ಷ ಮಾತ್ರ. 1884ರಿಂದ ಜರ್ಮನರೂ 1915ರಿಂದ ದಕ್ಷಿಣ ಆಫ್ರಿಕಾದವರೂ ಆಳಿದ ಈ ನಾಡು 1990ರ ಮಾರ್ಚ್ 21ರಂದು ಸ್ವತಂತ್ರವಾಯಿತು. ವರ್ಷವಿಡೀ ಹರಿಯುವ ನದಿಗಳು ಇರುವುದು ಗಡಿಸೀಮೆಗಳಲ್ಲಿ. ನಾಡಿನ ಒಡಲೊಳಗೆ ಅಂಥ ನದಿ ಒಂದೂ ಇಲ್ಲ. ಈ ಕಡೆಯ ಸಂಗತಿಯನ್ನು ನಾವು ಭೂಗೋಳದ ಒಂದು ವಿವರವೆಂದು ಓದಿಕೊಂಡು ಹೋಗಿದ್ದೆವು. ಅದೇ ನಮ್ಮ ಪ್ರವಾಸದ ಪಾಠವಾದೀತೆಂದು ಆಗ ತಿಳಿದಿರಲಿಲ್ಲ.

ರಾಜಧಾನಿ ವಿಂಡ್‌ಹುಕ್‌ನಲ್ಲಿ ಮೊದಲ ರಾತ್ರಿ. ಬೆಳಗಿನ ಜಾವ ಎದ್ದು, ಕೊಠಡಿಯ ನಲ್ಲಿಯ ನೀರಿನಿಂದ ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿಕೊಂಡು ಅದೇ ನೀರಿನಿಂದ ಮಜ್ಜನ ಮಾಡಿದೆವು. ಒಣಗಿಸಿ ಒಯ್ದಿದ್ದ ಬಿಲ್ವದಳವನ್ನು ಏರಿಸಿ, ಪಾದೋದಕವನ್ನು ಸ್ವೀಕರಿಸಿ ಹೊರಬಂದೆವು. ಉಪಾಹಾರದ ಹೊತ್ತಿಗೆ ನಮ್ಮ ಮಾರ್ಗದರ್ಶಿ ಬಂದ. ಡಮಾರಾ ಜನಾಂಗದ, ನಲವತ್ತರ ಆಸುಪಾಸಿನ, ಮಿತಭಾಷಿಯಾದ ಮನುಷ್ಯ. ಊರಿನ ಹೆಮ್ಮೆಯನ್ನು ಹೇಳುವಾಗ ಅವನು ಅಭಿಮಾನದಿಂದ ನುಡಿದುದು ಇದು: ಮನೆಗಳ ಬಚ್ಚಲು ಮತ್ತು ಶೌಚಾಲಯಗಳಿಂದ ಹರಿದುಬಂದ ಕೊಳಚೆಯನ್ನು ಶುದ್ಧೀಕರಿಸಿ ಮತ್ತೆ ಕುಡಿಯುವ ನೀರಿನ ಕೊಳವೆಗೆ ಬಿಡುವ ಕಾರ್ಯವನ್ನು ಜಗತ್ತಿನಲ್ಲಿ ಮೊದಲು ಕೈಗೊಂಡ ನಗರ ವಿಂಡ್‌ಹುಕ್, 1968ರಿಂದ ಅದು ನಡೆದಿದೆ, 2002ರಲ್ಲಿ ಹೊಸ ಘಟಕವಾಗಿದೆ, ಊರು ಕುಡಿಯುವ ನೀರಿನಲ್ಲಿ ಸುಮಾರು ಕಾಲು ಭಾಗ ಅದೇ.

ನಮ್ಮ ಕೈಯಲ್ಲಿದ್ದ ಲೋಟ ಮೇಜಿನ ಮೇಲೆ ಇಳಿಯಿತು. ಪಾದೋದಕವೆಂದು ಕಣ್ಣಿಗೊತ್ತಿಕೊಂಡು ಸ್ವೀಕರಿಸಿದ ನೀರಿನ ಮೂಲ ಇದೇ? ಶರಣರು ಪಂಚಸೂತಕಗಳನ್ನು ಅಲ್ಲಗಳೆದರೆಂದು ಮೂವತ್ತು ವರ್ಷ ಪಾಠ ಹೇಳಿದ ನಮ್ಮ ನಾಲಗೆ ಆ ಕ್ಷಣದಲ್ಲಿ ಒಣಗಿತು. ಶಿಷ್ಯರನ್ನು ಮರೆಗೆ ಕರೆದು, ನಿತ್ಯಪೂಜೆಗೆಂದು ಮೊಹರು ಮಾಡಿದ ನೀರಿನ ಬಾಟಲಿಗಳನ್ನು ಕೊಳ್ಳಹೇಳಿದೆವು. ಅವರು ಒಂದು ಕ್ಷಣ ನಮ್ಮ ಮುಖವನ್ನು ನೋಡಿದರು. “ಆಗಲಿ ಗುರುಗಳೇ” ಎಂದರು. ಇಪ್ಪತ್ತನಾಲ್ಕು ಬಾಟಲಿಗಳು ಟ್ರೇಲರ್ ಸೇರಿದವು.

ಎತ್ತರದ ಪ್ರಸ್ಥಭೂಮಿಯಲ್ಲಿರುವ ರಾಜಧಾನಿಯಿಂದ ಪಶ್ಚಿಮಕ್ಕೆ ವಾಹನದಲ್ಲಿ ಸಾಗಿ, ಘಟ್ಟದ ಅಂಚಿನಲ್ಲಿ ಸೈಕಲ್ಲುಗಳನ್ನು ಇಳಿಸಿಕೊಂಡೆವು. ತಂಡದಲ್ಲಿ ಹತ್ತು ಮಂದಿ, ಹೆಚ್ಚಿನವರು ಯುರೋಪಿನವರು. ಇಲ್ಲಿಯ ರಸ್ತೆಗಳು ಬಹುಪಾಲು ಜಲ್ಲಿಯವು. ವಾಹನಗಳ ಓಡಾಟದಿಂದ ಅವು ಮನೆಗೆ ಹೊದಿಸುವ ತಗಡಿನಂತೆ ಅಲೆಯಲೆಯಾಗಿಬಿಟ್ಟಿರುತ್ತವೆ. ಮಾರ್ಗದರ್ಶಿ ಅಗಲವಾದ ಟೈರುಗಳ ಗಾಳಿಯನ್ನು ಬೇಕೆಂದೇ ತಗ್ಗಿಸಿದ. ಮೆತ್ತಗಾದ ಟೈರು ಮರಳನ್ನು ಹಿಡಿಯುತ್ತದೆ, ಕೈಗೆ ಹೊಡೆತವೂ ಕಡಿಮೆ. ಜಾಲಿಯ ಜಾತಿಯ ಮರಗಳ ಮುಳ್ಳು ಚುಚ್ಚಿದರೆ ತೂತನ್ನು ತಾನೇ ಮುಚ್ಚಿಕೊಳ್ಳುವ ದ್ರವವನ್ನು ಟೈರಿನೊಳಗೆ ತುಂಬಿರುತ್ತಾರೆ. “ಹ್ಯಾಂಡಲನ್ನು ಬಿಗಿ ಹಿಡಿಯಬೇಡಿ. ಸೈಕಲ್ಲು ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳಲಿ” ಎಂಬುದು ಅವನ ಮೊದಲ ಉಪದೇಶ. ಬಿಗಿ ಹಿಡಿದೆವು, ಎರಡು ಸಲ ಮರಳಿನಲ್ಲಿ ಉರುಳಿದೆವು, ಆಮೇಲೆ ಸಡಿಲಿಸಿದೆವು.

ಜುಲೈ ಅಲ್ಲಿ ಚಳಿಗಾಲ. ನಸುಕಿನಲ್ಲಿ ಕೈಬೆರಳು ಮರಗಟ್ಟುವ ಥಂಡಿ, ನಡುಹಗಲಿಗೆ ಹದವಾದ ಬಿಸಿಲು. ಒಂದು ವಿಚಿತ್ರ ನಮ್ಮನ್ನು ದಿನವೂ ಸೋಜಿಗಗೊಳಿಸಿತು. ಪೂರ್ವಾಭಿಮುಖವಾಗಿ ಪೂಜೆಗೆ ಕುಳಿತರೆ ಸೂರ್ಯನು ಏರುತ್ತ ಬಲಕ್ಕೆ ವಾಲದೆ ಎಡಕ್ಕೆ ವಾಲುವನು. ದಕ್ಷಿಣ ಗೋಲಾರ್ಧದಲ್ಲಿ ಚಳಿಗಾಲದ ಮಧ್ಯಾಹ್ನದ ಸೂರ್ಯ ಉತ್ತರ ದಿಕ್ಕಿನವನು. ಬೈಗಿನ ಬಳಿಕ ತಲೆಯ ಮೇಲಿನ ನಕ್ಷತ್ರಗಳೂ ನಮ್ಮ ಊರಿನ ಕ್ರಮದಲ್ಲಿರಲಿಲ್ಲ. ಉದ್ದಕ್ಕೂ ಒಂದು ದೀಪವಿಲ್ಲದ ಆ ಬಯಲಿನಲ್ಲಿ ಆಕಾಶಗಂಗೆಯು ಹಾಲು ಚೆಲ್ಲಿದಂತೆ ತೋರುತ್ತಿತ್ತು.

ಮೂರನೆಯ ದಿನ ಸೆಸ್ರಿಯೆಮ್ ಎಂಬಲ್ಲಿಗೆ ತಲುಪಿದೆವು. ನೆಲದಲ್ಲಿ ಬಿರುಕು ಬಿಟ್ಟಂತೆ ಇಳಿದಿರುವ, ಸುಮಾರು 30 ಮೀಟರ್ ಆಳದ ಕಂದರ ಅಲ್ಲಿದೆ. ಹಿಂದೆ ಎತ್ತಿನ ಬಂಡಿಗಳಲ್ಲಿ ಬರುತ್ತಿದ್ದವರು ಅದರ ತಳದ ನೀರನ್ನು ಸೇದಲು ಎತ್ತುಗಳ ಆರು ಚರ್ಮದ ಹಗ್ಗಗಳನ್ನು ಗಂಟುಹಾಕಬೇಕಾಗುತ್ತಿತ್ತಂತೆ. ಆಫ್ರಿಕಾನ್ಸ್ ಭಾಷೆಯಲ್ಲಿ ಊರಿನ ಹೆಸರಿನ ಅರ್ಥವೇ ‘ಆರು ಚರ್ಮದ ಹಗ್ಗ’. ನಮ್ಮಲ್ಲಿ ಕಪಿಲೆ ಹೊಡೆದು ನೀರೆತ್ತಿದ ಹಿರಿಯರಿಗೆ ಅದು ಕೂಡಲೇ ತಿಳಿಯುತ್ತದೆ: ಆರು ಮಿಣಿ. ಬಾವಿಯ ಆಳವನ್ನು ಮಿಣಿಯಿಂದ ಅಳೆದ ಜನ ಅವರೂ ಹೌದು, ನಾವೂ ಹೌದು.

ಅಲ್ಲಿಂದ ಸೊಸ್ಸುಸ್‌ವ್ಲೇ. ಕೆಂಪು ಮರಳಿನ ದಿಬ್ಬಗಳು. ಕೆಲವು 300 ಮೀಟರಿಗೂ ಎತ್ತರ. ನಮೀಬ್ ಮರುಭೂಮಿ ಜಗತ್ತಿನ ಅತಿ ಪುರಾತನ ಮರುಭೂಮಿಗಳಲ್ಲೊಂದು. ಅದರ ಮರಳಸಾಗರವನ್ನು 2013ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಸಾರಲಾಯಿತು. ಸಮುದ್ರವನ್ನು ಸೇರಬೇಕೆಂದು ಹೊರಡುವ ತ್ಸೌಚಬ್ ಎಂಬ ನದಿಯನ್ನು ಈ ದಿಬ್ಬಗಳು ತಡೆದುಬಿಟ್ಟಿವೆ. ನದಿಯಿಂದ ಬೇರ್ಪಟ್ಟ ಒಂದು ಬಿಳಿಯ ತಗ್ಗಿನಲ್ಲಿ ನೂರಾರು ವರ್ಷಗಳ ಹಿಂದೆ ಸತ್ತ ಮರಗಳು ಕರಿದಾಗಿ ನಿಂತಿವೆ. ಕೊಳೆಯುವುದಕ್ಕೂ ತೇವ ಬೇಕು. ಅದಿಲ್ಲದುದರಿಂದ ಅವು ಬೀಳಲೂ ಇಲ್ಲ. ತಂಡದವರೆಲ್ಲ ಛಾಯಾಚಿತ್ರ ತೆಗೆಯುತ್ತಿದ್ದರು. ನಾವು ಒಂದು ಮರದ ಕಾಂಡವನ್ನು ದೂರದಿಂದಲೇ ನೋಡುತ್ತ ಸುಮ್ಮನೆ ನಿಂತಿದ್ದೆವು.

ಈ ಪ್ರವಾಸದ ಸುಖವನ್ನೂ ಹೇಳಬೇಕು. ಸೈಕಲ್ಲಿನಿಂದ ಇಳಿಯುತ್ತಿದ್ದಂತೆ ತೇವದ ಬಿಸಿ ಅಂಗವಸ್ತ್ರ ಕೈಗೆ ಬರುತ್ತಿತ್ತು. ಪ್ರತಿ ಗುಡಾರದ ಹಿಂದೆ ಮರದ ಕಂಬಕ್ಕೆ ಕ್ಯಾನ್ವಾಸಿನ ಬಕೆಟ್ಟನ್ನು ತೂಗುಹಾಕಿ ಸಂಜೆ ಬಿಸಿನೀರು ತುಂಬುತ್ತಿದ್ದರು. ಉಳಿದವರಿಗೆ ಮಾಂಸದ ಭಕ್ಷ್ಯಗಳು. ನಮಗೂ ಶಿಷ್ಯದಂಪತಿಗಳಿಗೂ ಬೇರೆ ಪಾತ್ರೆ, ಬೇರೆ ಒಲೆ. ಅಡುಗೆಯವನು ದೇಶದ ಉತ್ತರ ಭಾಗದ ಒವಾಂಬೊ ಜನಾಂಗದ ತರುಣ. ಅವರ ನುಡಿಯಲ್ಲಿ ಹಿರಿಯ ಗಂಡಸನ್ನು ‘ತಾತೆ’ ಎಂದೂ ಹೆಂಗಸನ್ನು ‘ಮೇಮೆ’ ಎಂದೂ ಕರೆಯುವುದು ವಾಡಿಕೆ. ತಂದೆ, ತಾಯಿ ಎಂದು ಅರ್ಥ. “ತಾತೆ” ಎಂದು ಅವನು ಮೊದಲ ಸಲ ಕೂಗಿದಾಗ ನಮ್ಮ ಮನೆಯ ಮೊಮ್ಮಗುವೇ ಕರೆದಂತಾಗಿ ತಿರುಗಿ ನೋಡಿದೆವು. ಒಂದು ರಾತ್ರಿ ಅವನು ತನ್ನ ಊರಿನ ಊಟವೆಂದು ‘ಮಹಾಂಗು’ ಹಿಟ್ಟಿನ ಗಟ್ಟಿ ಮುದ್ದೆಯನ್ನು ಬಡಿಸಿದ. ಬಾಯಿಗಿಟ್ಟೊಡನೆ ನಾಲಗೆ ಗುರುತಿಸಿತು. ಅದು ನಮ್ಮ ಸಜ್ಜೆ! ಸಜ್ಜೆಯು ಮೂಲತಃ ಪಶ್ಚಿಮ ಆಫ್ರಿಕಾದಲ್ಲಿ ಬೆಳೆಗೆ ಬಂದ ಧಾನ್ಯ; ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಭಾರತವನ್ನು ತಲುಪಿತೆಂದು ವಿದ್ವಾಂಸರು ಹೇಳುತ್ತಾರೆ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿಯನ್ನು ತಟ್ಟುವ ನಮ್ಮ ತಾಯಂದಿರು ಈ ಖಂಡದ ಋಣದಲ್ಲಿದ್ದಾರೆಂಬುದು ನಮಗೆ ಆ ಮುದ್ದೆಯ ಮುಂದೆ ಮನಸ್ಸಿಗೆ ಬಂದಿತು.

ಸಂಜೆಯ ಸ್ನಾನ ಎಲ್ಲರಿಗೂ ಇತ್ತು. ಆದರೆ ನಮಗೆ ಬೆಳಗಿನ ಪೂಜೆಗೆ ಮುನ್ನ ಸ್ನಾನವಾಗಬೇಕು. ಇನ್ನೊಂದು ಬಕೆಟ್ ಕೇಳಿದೆವು. “ಆಗಲಿ ತಾತೆ” ಎಂದ ತರುಣನು ದಿನವೂ ನಾಲ್ಕೂವರೆಗೆ ಅದನ್ನು ತಪ್ಪದೆ ತಂದಿರಿಸುತ್ತಿದ್ದ.

ಆರನೆಯ ದಿನ ಸಾಲಿಟೇರ್ ಎಂಬ ಪುಟ್ಟ ಊರನ್ನು ಬಿಟ್ಟು ಸಮುದ್ರದ ಕಡೆಗೆ ತಿರುಗಿದೆವು. ಅಲ್ಲಿಂದ ವಾಲ್ವಿಸ್ ಕೊಲ್ಲಿಯವರೆಗೆ ಇನ್ನೂರು ಕಿಲೋಮೀಟರಿಗೂ ಮಿಕ್ಕ ಹಾದಿಯಲ್ಲಿ ಊರೆಂಬುದಿಲ್ಲ. ದಾರಿಯಲ್ಲೊಂದು ಫಲಕ: ಮಕರ ಸಂಕ್ರಾಂತಿ ವೃತ್ತ. ಡಿಸೆಂಬರ್ 22ರ ಸುಮಾರಿಗೆ ಸೂರ್ಯನು ಇಲ್ಲಿ ನೆತ್ತಿಯ ಮೇಲೆ ಬಂದು, ಅಲ್ಲಿಂದಲೇ ಉತ್ತರಕ್ಕೆ ತಿರುಗುತ್ತಾನೆ. ನಾವು ಜನವರಿಯಲ್ಲಿ ಹಬ್ಬ ಮಾಡುವ ಉತ್ತರಾಯಣದ ತಿರುವುಗೆರೆ ಈ ಜಲ್ಲಿರಸ್ತೆಯನ್ನು ದಾಟಿಹೋಗಿದೆ. ಫಲಕದ ಬಳಿ ಸೈಕಲ್ ನಿಲ್ಲಿಸಿ ಕೈಮುಗಿದುದನ್ನು ಕಂಡು ಜೊತೆಯವರು ನಕ್ಕರು. ಕಾರಣ ಹೇಳಿದಾಗ ಅವರೂ ಸುಮ್ಮನಾದರು.

ಮಧ್ಯಾಹ್ನದ ಬಳಿಕ ಸಮುದ್ರದಿಂದ ಎದುರುಗಾಳಿ ಎದ್ದಿತು. ಬ್ಯಾಟರಿ ತೀರಿತು. ಮಾರ್ಗದರ್ಶಿ ಎರಡು ಸಲ ವಾಹನವನ್ನು ತೋರಿಸಿದ. ಎರಡು ಸಲವೂ ತಲೆಯಾಡಿಸಿದೆವು. ಜೋಳದ ಚೀಲ ಹೊತ್ತ ಹುಡುಗನ ಹಮ್ಮು ಇನ್ನೂ ಒಳಗಿತ್ತು. ಮೂರನೆಯ ಸಲ ಅವನು ತೋರಿಸಲಿಲ್ಲ. ಸೈಕಲ್ಲನ್ನು ಹಿಡಿದು ನಿಲ್ಲಿಸಿದ. ಕಾಲು ನಡುಗುತ್ತಿದ್ದವು. ವಾಹನದ ಮುಂದಿನ ಆಸನದಲ್ಲಿ ಚಾಲಕನ ಪಕ್ಕ ಕುಳಿತೆವು.

ಬಿಡಾರಕ್ಕೆ ಉಳಿದವರಿಗಿಂತ ಒಂದು ಗಂಟೆ ಮೊದಲೇ ತಲುಪಿದ್ದರಿಂದ, ಅತಿಥಿಗಳು ಕಾಣದಿರುವುದು ನಮಗೆ ಕಂಡಿತು. ಅಡುಗೆಯ ತರುಣನೂ ಅವನ ಜೊತೆಗಾರನೂ ಒಂದು ಲೋಟ ನೀರಿನಲ್ಲಿ ಬಟ್ಟೆಯನ್ನದ್ದಿ ಮೈ ಒರೆಸಿಕೊಳ್ಳುತ್ತಿದ್ದರು. ಅವರ ಪದ್ಧತಿಯಿರಬೇಕೆಂದು ಚಾಲಕನನ್ನು ಕೇಳಿದೆವು. ಅವನು ಸ್ವಲ್ಪ ಹಿಂಜರಿದು ಹೇಳಿದ. ಬರುವ ದಾರಿಯಲ್ಲಿ ನೀರು ತುಂಬಿಸಿಕೊಳ್ಳಬೇಕಾಗಿದ್ದ ಕೊಳವೆಬಾವಿಯ ಪಂಪು ಕೆಟ್ಟಿತ್ತು. ಟ್ರೇಲರಿನ ತೊಟ್ಟಿಯಲ್ಲಿ ಇರುವುದನ್ನು ಅಳೆದು ಖರ್ಚು ಮಾಡಬೇಕು. ಅತಿಥಿಗಳ ಸಂಜೆಯ ಸ್ನಾನ ಲೆಕ್ಕದಲ್ಲಿದೆ. ಬೆಳಗಿನ ಒಂದು ಬಕೆಟ್ ಲೆಕ್ಕದಲ್ಲಿಲ್ಲ; ಅದು ಈ ಇಬ್ಬರ ಪಾಲು.

ತರುಣನನ್ನು ಕರೆದು ಕೇಳಿದೆವು: “ನಮಗೇಕೆ ಹೇಳಲಿಲ್ಲ?”

ಅವನು ತಲೆ ತಗ್ಗಿಸಿ, “ತಾತೆ ಪ್ರಾರ್ಥನೆ ಮಾಡುವವರು. ಪ್ರಾರ್ಥನೆಗೆ ನೀರು ಬೇಕಲ್ಲವೇ?” ಎಂದ.

ಅತಿಥಿಯ ಶಿವಪೂಜೆಗಾಗಿ ತನ್ನ ಪಾಲನ್ನು ಕೊಟ್ಟು, ಕೊಟ್ಟೆನೆಂದು ಹೇಳದಿರುವುದಕ್ಕೆ ನಮ್ಮಲ್ಲಿ ಒಂದು ಹೆಸರಿದೆ. ಆ ಹೆಸರನ್ನು ಕೇಳದ ಈ ಹುಡುಗ ಅದನ್ನು ಮಾಡಿದ್ದ. ಅದನ್ನು ಬೋಧಿಸುವ ನಾವು ಅವನ ನೀರನ್ನು ಮೈಮೇಲೆ ಸುರಿದುಕೊಂಡು ಮರಳಿಗೆ ಹರಿಯಬಿಟ್ಟಿದ್ದೆವು. ಸಾಲದೆಂಬಂತೆ ಇಪ್ಪತ್ತನಾಲ್ಕು ಬಾಟಲಿಗಳನ್ನು ‘ಶುದ್ಧ’ವೆಂದು ಕಾದಿರಿಸಿಕೊಂಡಿದ್ದೆವು. ಹಣ ತೆತ್ತು ಶ್ರಮಪಡುವುದು ವ್ಯಾಯಾಮ. ಇನ್ನೊಬ್ಬರಿಗಾಗಿ ಶ್ರಮಪಡುವುದು ಕಾಯಕ. ಆರು ದಿನ ಪೆಡಲು ತುಳಿದ ಬೆವರನ್ನು ನಾವು ಒಳಗೊಳಗೇ ಕಾಯಕವೆಂದು ಎಣಿಸಿಕೊಂಡಿದ್ದೆವಷ್ಟೆ.

ಉಳಿದಿದ್ದ ಬಾಟಲಿಗಳನ್ನೆಲ್ಲ ಆ ಸಂಜೆ ಅಡುಗೆಯ ಉಗ್ರಾಣಕ್ಕೆ ಒಪ್ಪಿಸಿದೆವು. ಮರುದಿನ ನಸುಕಿನಲ್ಲಿ ಬಕೆಟ್ ಬೇಡವೆಂದು, ತೊಟ್ಟಿಯಿಂದ ಒಂದು ಚೊಂಬು ನೀರು ಪಡೆದೆವು. ಅರ್ಧದಲ್ಲಿ ಕೈಕಾಲು ಮುಖ ತೊಳೆದು, ಮೈ ಒರೆಸಿಕೊಂಡು, ಉಳಿದರ್ಧದಲ್ಲಿ ಲಿಂಗಕ್ಕೆ ಮಜ್ಜನ ಮಾಡಿದೆವು. ಕಡಿಮೆಯಾಯಿತೆಂದು ಅನ್ನಿಸಲಿಲ್ಲ. ಬಹಳ ವರ್ಷಗಳ ಮೇಲೆ ಪ್ರತಿಯೊಂದು ಹನಿ ಬೀಳುವುದನ್ನು ನೋಡುತ್ತ ಪೂಜೆ ಮಾಡಿದೆವು.

ಆಮೇಲಿನ ಹಾದಿಯಲ್ಲಿ ಕಣ್ಣು ಹೋದಲ್ಲೆಲ್ಲ ನೀರಿನದೇ ಕಥೆ. ಕರಾವಳಿಯಲ್ಲಿ ತಣ್ಣನೆಯ ಬೆಂಗ್ವೆಲಾ ಪ್ರವಾಹದಿಂದಾಗಿ ಮಳೆಯಿಲ್ಲ. ಕೆಲವೆಡೆ ವರ್ಷಕ್ಕೆ 25 ಮಿಲಿಮೀಟರಿಗೂ ಕಡಿಮೆ. ಆದರೆ ಮಂಜು ಕವಿಯುತ್ತದೆ. ಅಲ್ಲಿನ ಒಂದು ಕರಿಯ ಜೀರುಂಡೆ ಮರಳದಿಬ್ಬದ ನೆತ್ತಿಗೇರಿ, ತಲೆಯನ್ನು ತಗ್ಗಿಸಿ ಬೆನ್ನನ್ನು ಮಂಜಿಗೊಡ್ಡಿ ನಿಲ್ಲುತ್ತದೆ. ಬೆನ್ನಿನ ಮೇಲೆ ಕೂಡಿದ ಹನಿ ಜಾರಿ ಬಾಯಿಗೆ ಬರುತ್ತದೆ. ನೀರು ಬೇಕಾದರೆ ತಲೆ ಬಾಗಬೇಕೆಂಬುದು ಅದಕ್ಕೆ ಗೊತ್ತು. ಸ್ವಾಕೊಪ್‌ಮುಂಡ್ ಪಟ್ಟಣದ ಒಳನಾಡಿನಲ್ಲಿ ವೆಲ್ವಿಚಿಯಾ ಎಂಬ ಸಸ್ಯವನ್ನು ಕಂಡೆವು. ಜೀವಮಾನವೆಲ್ಲ ಎರಡೇ ಎಲೆ. ಅವೇ ಬೆಳೆಯುತ್ತ, ಗಾಳಿಗೆ ಸೀಳುತ್ತ ಹೋಗುತ್ತವೆ. ಸಾವಿರ ವರ್ಷ ಮೀರಿದ ಗಿಡಗಳೂ ಇವೆ.

ಸ್ವಾಕೊಪ್‌ಮುಂಡ್ ಜರ್ಮನರು ಕಟ್ಟಿದ ಅಂದವಾದ ಊರು. ಪ್ರವಾಸಿಗರು ಅಲ್ಲಿ ಕೇಕು ತಿಂದು ಕಾಫಿ ಕುಡಿದು ಮುಂದೆ ಸಾಗುತ್ತಾರೆ. ನಮ್ಮ ಮಾರ್ಗದರ್ಶಿ, ಬರಲಿಚ್ಛಿಸುವವರನ್ನು ಮಾತ್ರ, ಊರಂಚಿನ ರುದ್ರಭೂಮಿಗೆ ಕರೆದೊಯ್ದ. ಹೆಸರಿಲ್ಲದ ಸಾಲುಸಾಲು ಮರಳಗುಪ್ಪೆಗಳು. 1904ರಿಂದ 1908ರವರೆಗೆ ಜರ್ಮನ್ ಸೇನೆಯು ಹೆರೆರೊ ಮತ್ತು ನಾಮಾ ಜನಾಂಗಗಳನ್ನು ಸಂಹರಿಸಿತು. ಹೆರೆರೊಗಳನ್ನು ಒಮಹೆಕೆ ಎಂಬ ನಿರ್ಜಲ ಪ್ರದೇಶಕ್ಕೆ ಅಟ್ಟಿ, ನೀರಿನ ನೆಲೆಗಳಿಗೆ ಕಾವಲು ಹಾಕಿದರು. ಸಾವಿರಾರು ಜನ ಬಾಯಾರಿ ಸತ್ತರು. ಬದುಕಿ ಸೆರೆಸಿಕ್ಕವರಲ್ಲಿ ಬಹುಮಂದಿ ಇಂಥ ಊರುಗಳ ಸೆರೆಶಿಬಿರಗಳಲ್ಲಿ ಮಡಿದರು. ಇದು ಜನಾಂಗಹತ್ಯೆಯೆಂದು ಜರ್ಮನ್ ಸರ್ಕಾರ ಒಪ್ಪಿಕೊಂಡುದು 2021ರಲ್ಲಿ. ನೀರನ್ನು ಬಚ್ಚಿಡುವುದು ಕೊಲ್ಲುವುದಕ್ಕೆ ಸಮಾನವೆಂಬುದು ಆ ಗುಪ್ಪೆಗಳ ನಡುವೆ ನಿಂತವನಿಗೆ ಯಾರೂ ವಿವರಿಸಬೇಕಾಗಿಲ್ಲ. ನಮ್ಮ ನಾಡಿನಲ್ಲಿ ಕೆಲವರನ್ನು ಬಾವಿಯ ಕಟ್ಟೆಯಿಂದ ದೂರ ನಿಲ್ಲಿಸಿದ ಕಾಲವೂ ಆಗ ನೆನಪಿಗೆ ಬಾರದಿರಲಿಲ್ಲ.

ಮುಂದೆ ಡಮಾರಾಲ್ಯಾಂಡ್. ಟ್ವೈಫಲ್‌ಫಾಂಟೈನ್‌ನ ಕೆಂಪು ಬಂಡೆಗಳ ಮೇಲೆ ಸಾವಿರಾರು ವರ್ಷಗಳ ಹಿಂದಿನ ಬೇಟೆಗಾರರು ಕೊರೆದ ಜಿರಾಫೆ, ಖಡ್ಗಮೃಗ, ಸಿಂಹಗಳ ಚಿತ್ರಗಳಿವೆ. 2007ರಲ್ಲಿ ಈ ದೇಶದ ಮೊದಲ ವಿಶ್ವ ಪರಂಪರೆಯ ತಾಣವಾದುದು ಇದೇ. ಆ ಹೆಸರಿನ ಅರ್ಥ ‘ಸಂಶಯದ ಚಿಲುಮೆ’. ನೀರು ಬಂದೀತೋ ಬಾರದೋ ಎಂಬ ಸಂಶಯ. ಬತ್ತಿದ ಹೊಳೆಯ ಮರಳಿನಲ್ಲಿ ಆನೆಗಳು ತೋಡಿದ ಗುಂಡಿಗಳನ್ನು ಮಾರ್ಗದರ್ಶಿ ತೋರಿಸಿದ. ಆನೆ ಕುಡಿದು ಹೋದ ಮೇಲೆ ಅದೇ ಒರತೆಗೆ ಉಳಿದ ಪ್ರಾಣಿಗಳು ಬರುತ್ತವೆ. 1996ರ ಕಾನೂನಿನ ಮೇರೆಗೆ ಇಲ್ಲಿನ ಹಳ್ಳಿಗರು ಸಂರಕ್ಷಣಾ ಸಂಘಗಳನ್ನು ಕಟ್ಟಿಕೊಂಡು ವನ್ಯಮೃಗಗಳ ಹೊಣೆಯನ್ನೂ, ಪ್ರವಾಸಿಗರಿಂದ ಬರುವ ಆದಾಯವನ್ನೂ ಪಡೆದಿದ್ದಾರೆ. ಇಂಥ ಸಂಘಗಳು ದೇಶದಲ್ಲಿ 80ಕ್ಕೂ ಹೆಚ್ಚು. ಆನೆಗಳು ಬಾಯಾರಿ ರೈತರ ನೀರಿನ ಕೊಳವೆ, ತೊಟ್ಟಿಗಳನ್ನು ಮುರಿಯುವುದೂ ಉಂಟು. ಆದರೂ ಅವುಗಳೊಡನೆ ಬಾಳಲು ಜನ ಕಲಿತಿದ್ದಾರೆ. ಸುಖಪ್ರವಾಸಿಯ ಹಣದಿಂದ ಒಂದಿಷ್ಟು ಒಳಿತಾಗುತ್ತದೆಂಬುದನ್ನು ಇಲ್ಲಿ ಕಂಡೆವು. ಆ ನ್ಯಾಯವನ್ನು ಹೇಳದಿದ್ದರೆ ಲೋಪವಾದೀತು.

ಕಡೆಯದು ಎಟೋಶಾ ರಾಷ್ಟ್ರೀಯ ಉದ್ಯಾನ. 1907ರಲ್ಲಿ ರಕ್ಷಿತ ಪ್ರದೇಶವಾದ ಇದರ ವಿಸ್ತಾರ 22,000 ಚದರ ಕಿಲೋಮೀಟರಿಗೂ ಮಿಗಿಲು. ಸಿಂಹಗಳಿರುವುದರಿಂದ ಒಳಗೆ ಸೈಕಲ್ಲಿಗೆ ಪ್ರವೇಶವಿಲ್ಲ, ಸೈಕಲ್ಲುಗಳು ಟ್ರೇಲರನ್ನೇರಿದವು. ಒಕಾಕುಯೊ ಎಂಬ ತಂಗುದಾಣದ ಅಂಚಿನಲ್ಲಿ ರಾತ್ರಿ ದೀಪ ಹಚ್ಚಿದ ಒಂದು ನೀರಿನ ಹೊಂಡವಿದೆ. ಗೋಡೆಯ ಈಚೆ ನಾವು, ಆಚೆ ಪ್ರಾಣಿಗಳು. ಆನೆಗಳ ಹಿಂಡು ಬಂದಿತು, ಕುಡಿಯಿತು, ಹೋಯಿತು. ಖಡ್ಗಮೃಗವೊಂದು ಒಂಟಿಯಾಗಿ ಬಂದು ಬಹಳ ಹೊತ್ತು ನಿಂತಿತು. ಜಿರಾಫೆಯೊಂದು ಮುಂಗಾಲುಗಳನ್ನು ಅಗಲಿಸಿ, ಆ ನೀಳ ಕೊರಳನ್ನು ನೆಲಕ್ಕೆ ತಂದಿತು. ಅಡುಗೆಯ ತರುಣನೂ ನಮ್ಮ ಪಕ್ಕದಲ್ಲಿಯೇ ಕುಳಿತಿದ್ದ. ಇಬ್ಬರೂ ಮಾತಾಡಲಿಲ್ಲ.

ಹನ್ನೆರಡನೆಯ ರಾತ್ರಿ ಮತ್ತೆ ವಿಂಡ್‌ಹುಕ್. ಬೆಳಗಾಗುವ ಮುನ್ನ ಎದ್ದು ಕೊಠಡಿಯ ನಲ್ಲಿಯನ್ನು ತಿರುಗಿಸಿದೆವು. ಚೊಂಬು ತುಂಬಿತು. ಈ ನೀರು ಎಲ್ಲಿಂದ ಬಂದುದೆಂದು ಈಗ ಚೆನ್ನಾಗಿ ಗೊತ್ತಿತ್ತು. ಎಷ್ಟು ಮಂದಿಯ ಬುದ್ಧಿ, ಎಷ್ಟು ಮಂದಿಯ ಎಚ್ಚರ ಅದನ್ನು ತಿಳಿಗೊಳಿಸಿ ಇಲ್ಲಿಗೆ ತಂದಿದೆಯೆಂಬುದೂ ಗೊತ್ತಿತ್ತು. ಮೋಡವಾಗಿ, ಮಳೆಯಾಗಿ, ಹೊಳೆಯಾಗಿ ಬರುವ ನಮ್ಮ ಊರಿನ ನೀರೂ ಎಷ್ಟು ಒಡಲುಗಳನ್ನು ಹಾದು ಬಂದುದೋ! ಲಿಂಗಕ್ಕೆ ಮಜ್ಜನ ಮಾಡಿ ಪಾದೋದಕವನ್ನು ಸ್ವೀಕರಿಸಿದೆವು. ಕೈ ನಡುಗಲಿಲ್ಲವೆಂದರೆ ಸುಳ್ಳಾದೀತು. ಆದರೆ ಸ್ವೀಕರಿಸಿದೆವು.

ಹೊರಡುವಾಗ ಆ ತರುಣನ ಕೈಗೆ ಎಲ್ಲರೂ ಹಣವಿತ್ತರು, ನಾವೂ ಇತ್ತೆವು. ಅವನ ಋಣ ಅದರಿಂದ ತೀರದು. ಊರಿಗೆ ಬಂದ ಮೇಲೆ ನಮ್ಮ ಮನೆಯ ಬಚ್ಚಲಿನಲ್ಲಿ ಒಂದು ಬದಲಾವಣೆಯಾಗಿದೆ. ಮೂರು ಕೊಡ ಸುರಿದುಕೊಳ್ಳುತ್ತಿದ್ದ ನಾವು ಈಗ ಒಂದು ಸಣ್ಣ ಬಕೆಟ್ಟಿಗೆ ಇಳಿದಿದ್ದೇವೆ. ಮನೆಯವರು ಮೊದಮೊದಲು ನಕ್ಕರು. ಕಾರಣವನ್ನು ಕೇಳಿದ ಮೇಲೆ ಮೊಮ್ಮಗಳು ಮಾತ್ರ ತನ್ನ ಬಕೆಟ್ಟನ್ನೂ ಚಿಕ್ಕದು ಮಾಡಿಕೊಂಡಳು. ಓದುಗ ಬಂಧುಗಳು ನಾಳೆ ಪೂಜೆಗೆ ಕುಳಿತಾಗ ಚೊಂಬಿನಲ್ಲಿರುವ ನೀರು ಯಾರ ಪಾಲಿನದು, ಎಷ್ಟು ಮಿಣಿಯ ಆಳದ್ದು ಎಂದು ಒಮ್ಮೆ ನೆನೆದರೆ ನಮ್ಮ ಈ ಸುಖಪ್ರವಾಸವೂ ಸಂಚಾರವೆನಿಸೀತು.